ಕಡಲಿಗೆ ಬಿದ್ದ ಪೆಟ್ಟಿಗೆಯಲ್ಲಿ ಏನಿತ್ತು?

2025ರ ಮೇ 25ರ ರಾತ್ರಿಯಿಂದ ಕೇರಳದ ಕೊಲ್ಲಂ ಜಿಲ್ಲೆಯ ಕಡಲಂಚಿಗೆ ಕಂಟೇನರ್‌ಗಳು ತೇಲಿಬಂದು ಬಡಿಯತೊಡಗಿದವು. ಕೆಲವು ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳಿಗೆ ಸಿಕ್ಕಿ ಸೀಳಿಹೋಗಿದ್ದವು, ಕೆಲವು ಖಾಲಿ ಇದ್ದವು, ಕೆಲವುಗಳ ಬಾಗಿಲು ಇನ್ನೂ ಬಿಗಿಯಾಗಿಯೇ ಇತ್ತು. ಹಿಂದಿನ ದಿನ, ಅಂದರೆ ಮುಂಗಾರು ಕೇರಳ ಮುಟ್ಟಿದ ದಿನವೇ, ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ 28 ವರ್ಷ ಹಳೆಯ ಹಡಗು ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲು ದೂರದಲ್ಲಿ ಒಂದು ಮಗ್ಗುಲಿಗೆ ವಾಲಿತ್ತು. ಅದರಲ್ಲಿದ್ದ 24 ಮಂದಿಯನ್ನೂ ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯವರು ಜೀವಸಹಿತ ಇಳಿಸಿಕೊಂಡರು. ಹಡಗು ಮಾತ್ರ 640ರಷ್ಟು ಕಂಟೇನರ್‌ಗಳೊಂದಿಗೆ ಮುಳುಗಿತು.

ದಡದ ಜನರಿಗೆ ಸರ್ಕಾರ ಹೇಳಿದ್ದು ಇಷ್ಟು: ಮುಟ್ಟಬೇಡಿ, ತೆರೆಯಬೇಡಿ, 200 ಮೀಟರ್ ದೂರ ನಿಲ್ಲಿ, ಕಂಡರೆ 112ಕ್ಕೆ ಫೋನ್ ಮಾಡಿ. ಒಳಗೇನಿದೆ ಎಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ. 13ರಲ್ಲಿ ಅಪಾಯಕಾರಿ ಸರಕು, ಆ ಪೈಕಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಎಂಬುದಷ್ಟೇ ಮೊದಲು ಹೊರಬಿದ್ದ ಮಾಹಿತಿ. ನಮ್ಮಲ್ಲಿ ಮಾವು ಮಾಗಿಸಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ, ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಉಳಿದ ಆರುನೂರು ಚಿಲ್ಲರೆ ಕಂಟೇನರ್‌ಗಳಲ್ಲಿ ಏನಿತ್ತು ಎಂಬ ಪಟ್ಟಿ ಜನರ ಕೈಗೆ ಬಂದದ್ದು ಜೂನ್ ಮೊದಲ ವಾರದಲ್ಲಿ. ಅಷ್ಟು ಹೊತ್ತಿಗೆ ಆಲಪ್ಪುಳದಿಂದ ತಿರುವನಂತಪುರದವರೆಗಿನ ಮರಳಿನಲ್ಲಿ ಬಿಳಿ ಪ್ಲಾಸ್ಟಿಕ್ ಕಾಳುಗಳು ಹರಡಿಯಾಗಿತ್ತು. ಪಟ್ಟಿ ಬರುವ ಮೊದಲೇ ಅಲೆ ಅದನ್ನು ಓದಿ ಹೇಳಿಬಿಟ್ಟಿತ್ತು.

ಈ ವಿಳಂಬವನ್ನು ಯಾರೋ ಒಬ್ಬ ಅಧಿಕಾರಿಯ ಉದಾಸೀನ ಎಂದು ಬಗೆದು ಸುಮ್ಮನಾಗಬಹುದು. ನನಗೆ ಹಾಗನ್ನಿಸುವುದಿಲ್ಲ. ಒಳಗೇನಿದೆ ಎಂದು ಯಾರೂ ಕೇಳದಿರುವುದೇ ಕಂಟೇನರ್ ವ್ಯವಸ್ಥೆಯ ತಳಪಾಯ.

ಒಂದು ಕಂಟೇನರಿನ ಬಾಗಿಲನ್ನು ಹತ್ತಿರದಿಂದ ನೋಡಿ. ಬಲಗಡೆ ಮೇಲೆ ದೊಡ್ಡದಾಗಿ ನಾಲ್ಕು ಅಕ್ಷರ, ಆರು ಅಂಕಿ, ಆಮೇಲೆ ಚೌಕದೊಳಗೆ ಒಂಟಿ ಅಂಕಿ. ಮೊದಲ ಮೂರು ಅಕ್ಷರ ಮಾಲೀಕನ ಗುರುತು, ನಾಲ್ಕನೆಯದು ಸಾಮಾನ್ಯವಾಗಿ ‘ಯು’. ಚೌಕದೊಳಗಿನ ಅಂಕಿ ಹಿಂದಿನ ಹತ್ತನ್ನೂ ಒಂದು ಸೂತ್ರದಲ್ಲಿ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷ. ಗುಮಾಸ್ತ ಬರೆಯುವಾಗ ಒಂದಂಕಿ ತಪ್ಪಿದರೂ ಕಂಪ್ಯೂಟರ್ ಹಿಡಿಯುತ್ತದೆ. ಜಗತ್ತಿನಲ್ಲಿ ಒಂದೇ ನಂಬರಿನ ಎರಡು ಕಂಟೇನರ್ ಇರುವಂತಿಲ್ಲ. ಅದರ ಕೆಳಗೆ ಖಾಲಿ ತೂಕ, ಗರಿಷ್ಠ ತೂಕ, ಹಿಡಿಯುವ ಘನ ಅಳತೆ ಎಲ್ಲ ಬರೆದಿರುತ್ತದೆ. ಸರಕಿನ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ಅಪಾಯಕಾರಿ ವಸ್ತುವಾದರೆ ಬಣ್ಣದ ಚೀಟಿ ಅಂಟಿಸಿರುತ್ತಾರೆ, ಅದೂ ಸರಕಿನವನು ನಿಜ ಹೇಳಿದ್ದರೆ. ಹಡಗು ಕಂಪನಿ ಕೊಡುವ ರಸೀದಿಯಲ್ಲೂ ‘ಒಳಗೆ ಇಂಥದ್ದಿದೆ ಎಂದು ಹೇಳಲಾಗಿದೆ’ ಎಂಬ ಒಕ್ಕಣೆ ಇರುತ್ತದೆ. ನಾವು ನೋಡಿಲ್ಲ, ಅವರು ಹೇಳಿದರು, ನಾವು ಬರೆದುಕೊಂಡೆವು ಎಂಬುದು ಅದರ ತಾತ್ಪರ್ಯ. ಕಪ್ತಾನನಿಗೂ ಅಷ್ಟೇ ಗೊತ್ತು.

ಇದು ಬೇಕೆಂದೇ ಮಾಡಿಕೊಂಡ ಏರ್ಪಾಟು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ‘ಐಡಿಯಲ್ ಎಕ್ಸ್’ ಎಂಬ ಹಳೆಯ ಟ್ಯಾಂಕರ್ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನಿಟ್ಟು ನ್ಯೂಜೆರ್ಸಿಯ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅದಕ್ಕೆ ಮುಂಚೆ ಧಕ್ಕೆಯಲ್ಲಿ ಸರಕು ಮೂಟೆ ಮೂಟೆಯಾಗಿ ಇಳಿಯುತ್ತಿತ್ತು. ಹಮಾಲಿಗೆ ಬೆನ್ನ ಮೇಲಿರುವುದು ಮೆಣಸೋ ಕಾಫಿಯೋ ಎಂದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. ದಾರಿಯಲ್ಲಿ ಒಂದಿಷ್ಟು ಸೋರಿಹೋಗುವುದೂ ಇತ್ತು. ವಿಸ್ಕಿ ಪೆಟ್ಟಿಗೆಯಂತೂ ಪೂರ್ತಿ ತಲುಪಿದರೆ ಪುಣ್ಯ. ಮೆಕ್‌ಲೀನನ ಪೆಟ್ಟಿಗೆ ಕಳ್ಳತನ ನಿಲ್ಲಿಸಿತು, ಹಡಗು ವಾರಗಟ್ಟಲೆ ಬಂದರಿನಲ್ಲಿ ಕಾಯುವುದನ್ನು ತಪ್ಪಿಸಿತು, ಸಾಗಣೆಯ ವೆಚ್ಚವನ್ನು ನೆಲಕ್ಕಿಳಿಸಿತು. ಬೊಂಬೆಯಾಗಲಿ ಬಾಂಬಾಗಲಿ ಕ್ರೇನಿಗೆ ಒಂದೇ. ಪೆಟ್ಟಿಗೆ ನೆಟ್ಟಗೆ ನಿಂತಿರುವವರೆಗೆ ಆ ಅಜ್ಞಾನದಿಂದ ಎಲ್ಲರಿಗೂ ಲಾಭ. ಬಿದ್ದರೆ ಕಷ್ಟ ಕಡಲ ದಡದವರಿಗೆ.

ಇಷ್ಟಕ್ಕೂ ಅವು ಬೀಳುವುದು ಹೇಗೆ? ಹಡಗಿನ ಹೊಟ್ಟೆಯೊಳಗೆ ಇಳಿಸಿದ ಕಂಟೇನರ್‌ಗಳಿಗೆ ನಾಲ್ಕು ಮೂಲೆಯಲ್ಲೂ ಕಬ್ಬಿಣದ ಕಂಬಗಳ ಆಸರೆ ಇರುತ್ತದೆ, ಅಲ್ಲಾಡಲು ಜಾಗವಿಲ್ಲ. ತೊಂದರೆ ಡೆಕ್ ಮೇಲೆ ಪೇರಿಸಿದವುಗಳದ್ದು. ಇಂದಿನ ದೊಡ್ಡ ಹಡಗುಗಳಲ್ಲಿ ಅವು ಎಂಟು, ಒಂಬತ್ತು, ಹತ್ತು ಅಂತಸ್ತು ಏರುತ್ತವೆ. ಒಂದರ ಮೂಲೆಗೂ ಇನ್ನೊಂದರ ಮೂಲೆಗೂ ನಡುವೆ ಟ್ವಿಸ್ಟ್‌ಲಾಕ್ ಎಂಬ ಉಕ್ಕಿನ ಬೀಗ ಕೂರುತ್ತದೆ. ಮುಷ್ಟಿಗಿಂತ ತುಸು ದೊಡ್ಡದು, ತಿರುವಿದರೆ ಎರಡೂ ಪೆಟ್ಟಿಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕೆಳಗಿನ ಕೆಲವು ಅಂತಸ್ತುಗಳಿಗೆ ಮಾತ್ರ ಉದ್ದನೆಯ ಸರಳುಗಳನ್ನು ಅಡ್ಡಡ್ಡ ಹಾಕಿ, ಟರ್ನ್‌ಬಕಲ್ ಎಂಬ ತಿರುಪು ತಿರುಗಿಸಿ ಬಿಗಿಯುತ್ತಾರೆ. ಮೇಲಿನವು ಈ ಬೀಗಗಳ ಭರವಸೆಯಲ್ಲೇ ಸಾಗರ ದಾಟಬೇಕು. ತಳದ ಪೆಟ್ಟಿಗೆಯೊಂದು ತುಕ್ಕು ಹಿಡಿದು ದುರ್ಬಲವಾಗಿದ್ದರೆ, ಭಾರದ್ದು ಮೇಲೆ ಹಗುರದ್ದು ಕೆಳಗೆ ಬಂದಿದ್ದರೆ, ಇಡೀ ಸಾಲು ಒಮ್ಮೆಗೇ ಮಗುಚುತ್ತದೆ. ಪಕ್ಕದ ಸಾಲನ್ನೂ ಎಳೆದುಕೊಂಡೇ ಹೋಗುತ್ತದೆ.

ಭಾರದ ವಿಷಯದಲ್ಲೂ ‘ಹೇಳಿದ್ದನ್ನು ಬರೆದುಕೊಂಡೆವು’ ಎಂಬ ಪದ್ಧತಿಯೇ ಇತ್ತು. 2007ರ ಜನವರಿಯಲ್ಲಿ ‘ಎಂಎಸ್‌ಸಿ ನೆಪೋಲಿ’ ಎಂಬ ಹಡಗಿನ ಒಡಲು ಬಿರುಗಾಳಿಯಲ್ಲಿ ಬಿರುಕು ಬಿಟ್ಟಾಗ ಅದನ್ನು ಇಂಗ್ಲೆಂಡಿನ ಬ್ರಾನ್ಸ್‌ಕಂಬ್ ಎಂಬಲ್ಲಿ ದಡಕ್ಕೆ ತಂದು ಕೂರಿಸಿದರು. ದಡಕ್ಕೆ ಬಂದ ಕಂಟೇನರುಗಳಿಂದ ಜನ ಬಿಎಂಡಬ್ಲ್ಯು ಬೈಕುಗಳನ್ನು ತಳ್ಳಿಕೊಂಡು ಹೋದದ್ದು ಟಿವಿಯಲ್ಲಿ ಬಂದು ಮನೆಮಾತಾಯಿತು. ಅದರ ಗದ್ದಲದಲ್ಲಿ ತನಿಖೆಯ ಒಂದು ಅಂಶ ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ. ಡೆಕ್ ಮೇಲೆ ಒದ್ದೆಯಾಗದೆ ಉಳಿದಿದ್ದ ಸುಮಾರು 660 ಕಂಟೇನರ್‌ಗಳನ್ನು ತೂಗಿ ನೋಡಿದರೆ 137ರಲ್ಲಿ ಘೋಷಿಸಿದ ತೂಕಕ್ಕೂ ನಿಜ ತೂಕಕ್ಕೂ ಮೂರು ಟನ್ನಿಗಿಂತ ಹೆಚ್ಚು ಅಂತರವಿತ್ತು. ತೂಗಿಯೇ ಹತ್ತಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದದ್ದು 2016ರ ಜುಲೈ 1ರಂದು. ಕಂಟೇನರ್ ಹುಟ್ಟಿ ಅರವತ್ತು ವರ್ಷವಾದ ಮೇಲೆ! ಸಂತೆಯಲ್ಲಿ ಈರುಳ್ಳಿ ಕೊಳ್ಳುವವರೂ ಇಷ್ಟು ತಡಮಾಡುವುದಿಲ್ಲ.

ಉಳಿದದ್ದು ಅಲೆಯ ಕೆಲಸ. ದೊಡ್ಡ ಅಲೆ ಬಂದು ಗುದ್ದಿ ಕೆಡಹುತ್ತದೆ ಎಂದುಕೊಳ್ಳುತ್ತೇವೆ. ನಡೆಯುವುದು ಅದಕ್ಕಿಂತ ವಿಚಿತ್ರ. ಕಂಟೇನರ್ ಹಡಗಿನ ಮೂತಿ ಮತ್ತು ಹಿಂಭಾಗ ನೀರಿನ ಮಟ್ಟದಲ್ಲಿ ಕಿರಿದು, ಮೇಲಕ್ಕೆ ಹೋದಂತೆ ಅಗಲ. ಎದುರಿನಿಂದ ಬರುವ ಅಲೆಗಳ ಉದ್ದ ಹಡಗಿನ ಉದ್ದಕ್ಕೆ ಸರಿಸುಮಾರು ಹೊಂದಿದರೆ, ಅಲೆಯ ನೆತ್ತಿ ನಡುಹಡಗಿಗೆ ಬಂದಾಗ ಎರಡು ತುದಿಗಳಿಗೆ ನೀರಿನ ಆಸರೆ ತಗ್ಗಿ ಹಡಗು ವಾಲುತ್ತದೆ. ಮರುಕ್ಷಣ ಅಲೆಯ ತಗ್ಗು ನಡುವಿಗೆ ಬಂದು ಅದನ್ನು ಗಕ್ಕನೆ ನೆಟ್ಟಗೆ ಮಾಡುತ್ತದೆ. ಈ ತಾಳ ಹಡಗಿನ ಸ್ವಂತ ತೂಗಾಟದ ತಾಳಕ್ಕೆ ಕೂಡಿಬಂದರೆ ನಾಲ್ಕೈದು ಅಲೆಗಳಲ್ಲೇ ವಾಲಿಕೆ ಮೂವತ್ತು ಡಿಗ್ರಿ ದಾಟುತ್ತದೆ. ಅಲೆ ಪಕ್ಕದಿಂದ ಬರಬೇಕೆಂದೇ ಇಲ್ಲ. 1998ರ ಅಕ್ಟೋಬರಿನಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ‘ಎಪಿಎಲ್ ಚೈನಾ’ ಹಡಗಿಗೆ ಆದದ್ದು ಇದೇ. ಡೆಕ್ ಮೇಲಿದ್ದ ಸುಮಾರು 1,300 ಕಂಟೇನರ್‌ಗಳಲ್ಲಿ ಮೂರನೇ ಒಂದು ಭಾಗ ನೀರುಪಾಲು, ಇನ್ನೊಂದು ಮೂರನೇ ಒಂದು ಭಾಗ ಜಖಂ. ಆವರೆಗೆ ಪಠ್ಯಪುಸ್ತಕದಲ್ಲಿ ಚಿಕ್ಕ ದೋಣಿಗಳ ಸಮಸ್ಯೆ ಎನಿಸಿಕೊಂಡಿದ್ದ ಈ ತೂಗಾಟವನ್ನು ಹಡಗು ಎಂಜಿನಿಯರುಗಳು ಗಂಭೀರವಾಗಿ ಅಭ್ಯಸಿಸತೊಡಗಿದ್ದು ಆಮೇಲೆ.

ಹಾಗಾದರೆ ಹಡಗನ್ನು ಇನ್ನಷ್ಟು ಸ್ಥಿರವಾಗಿಸಿದರೆ ಸಾಲದೆ? ಅಲ್ಲೂ ತೊಡಕಿದೆ. ಅತಿ ಸ್ಥಿರವಾದ ಹಡಗು ವಾಲಿದೊಡನೆ ಝಾಡಿಸಿದಂತೆ ನೆಟ್ಟಗಾಗುತ್ತದೆ, ಆ ಎಳೆತಕ್ಕೇ ಬೀಗಗಳು ಕಿತ್ತುಬರುತ್ತವೆ. 2019ರ ಜನವರಿ 1ರ ರಾತ್ರಿ, ಸುಮಾರು 395 ಮೀಟರ್ ಉದ್ದದ ‘ಎಂಎಸ್‌ಸಿ ಜೋಯಿ’ ನೆದರ್ಲೆಂಡ್ಸ್‌ನ ವಾಡನ್ ದ್ವೀಪಗಳ ಉತ್ತರಕ್ಕೆ ಆಳ ಕಡಿಮೆಯಿರುವ ದಾರಿಯಲ್ಲಿ ಸಾಗುತ್ತಿತ್ತು. ಪಕ್ಕದಿಂದ ಅಲೆ, ಕೆಳಗೆ ತಳ ಹತ್ತಿರ. ಬೆಳಗಾಗುವಷ್ಟರಲ್ಲಿ 342 ಕಂಟೇನರ್ ಕಾಣೆ. ಆಟಿಕೆ, ಚಪ್ಪಲಿ, ಟಿವಿ ಎಲ್ಲ ದ್ವೀಪಗಳ ಮರಳಿಗೆ ಬಂದವು. ಮೊದಮೊದಲು ಜನ ಸಂಭ್ರಮದಿಂದ ಆಯ್ದುಕೊಂಡರು, ಆಮೇಲೆ ಬಗ್ಗಿ ಬಗ್ಗಿ ಕಸ ಹೆಕ್ಕಿದರು, ಕೊನೆಗೆ ಸೈನಿಕರನ್ನೂ ಕರೆಸಬೇಕಾಯಿತು.

ಬಿದ್ದದ್ದೆಲ್ಲ ಕೂಡಲೇ ಮುಳುಗುವುದೂ ಇಲ್ಲ. ಇಪ್ಪತ್ತು ಅಡಿಯ ಕಂಟೇನರಿನ ಹೊರ ಅಳತೆ ಲೆಕ್ಕ ಹಾಕಿದರೆ ಅದು ಪೂರ್ತಿ ಮುಳುಗಲು ಸುಮಾರು 39 ಟನ್ ಸಮುದ್ರದ ನೀರನ್ನು ಸರಿಸಬೇಕು. ಅದರ ಗರಿಷ್ಠ ತೂಕ ಮೂವತ್ತು ಟನ್ ಚಿಲ್ಲರೆ. ಅಂದರೆ ತುಂಬಿದ ಪೆಟ್ಟಿಗೆಯೂ, ನೀರು ಒಳನುಗ್ಗದಿದ್ದರೆ, ತೇಲಲೇಬೇಕು. ಆದರೆ ಬಾಗಿಲಿನ ರಬ್ಬರು, ಗಾಳಿಯಾಡುವ ಸಣ್ಣ ತೂತುಗಳು ನೀರನ್ನು ಬಿಡುತ್ತವೆ. ಕೆಲವು ತಾಸಿನಲ್ಲಿ ಮುಳುಗುತ್ತವೆ, ಕೆಲವು ವಾರಗಟ್ಟಲೆ ಮೇಲ್ಮೈಯಿಂದ ಗೇಣು ಎತ್ತರಕ್ಕೆ ಬೆನ್ನು ತೋರಿಸುತ್ತ ಅಲೆಯುತ್ತವೆ. ಗೋಡೆಯಲ್ಲಿ ಫೋಮ್ ತುಂಬಿರುವ ಶೀತಲ ಕಂಟೇನರ್‌ಗಳು ಇನ್ನೂ ಹೆಚ್ಚು ಕಾಲ. ರಾತ್ರಿ ಹೊತ್ತು ದೋಣಿಗೆ ಅಂಥದ್ದು ಎದುರಾದರೆ ಮುಗಿಯಿತು.

ಈ ವಿಷಯ ತೆಗೆದ ಕೂಡಲೇ ಎಲ್ಲರೂ ಹೇಳುವ ಕಥೆ ಒಂದಿದೆ. 1992ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಅಮೆರಿಕದ ಟಕೋಮಾಗೆ ಹೊರಟ ‘ಎವರ್ ಲಾರೆಲ್’ ಹಡಗಿನಿಂದ 12 ಕಂಟೇನರ್ ಬಿದ್ದವು, ಒಂದರಲ್ಲಿ ಸ್ನಾನದ ತೊಟ್ಟಿಯ 28,800 ಆಟಿಕೆಗಳು. ಹಳದಿ ಬಾತು, ಹಸಿರು ಕಪ್ಪೆ, ನೀಲಿ ಆಮೆ, ಕೆಂಪು ಬೀವರ್. ಹತ್ತು ತಿಂಗಳ ಮೇಲೆ ಅವು ಅಲಾಸ್ಕಾದ ಸಿಟ್ಕಾ ಬಳಿ ದಡ ಸೇರತೊಡಗಿದವು, ಕರ್ಟಿಸ್ ಎಬ್ಸ್‌ಮೆಯರ್ ಎಂಬ ಸಾಗರ ವಿಜ್ಞಾನಿ ಅವುಗಳ ಜಾಡು ಹಿಡಿದು ಪ್ರವಾಹಗಳ ಲೆಕ್ಕ ತಾಳೆ ನೋಡಿದ. ಮುದ್ದಾದ ಕಥೆ, ವಿಜ್ಞಾನಕ್ಕೂ ಉಪಕಾರವಾಯಿತು. ಆದರೆ ಅದನ್ನು ಇಷ್ಟು ವರ್ಷ ಇಷ್ಟು ಮಂದಿ ಹೇಳಿದ್ದರಿಂದ ಕಂಟೇನರ್ ಬೀಳುವುದೆಂದರೆ ಏನೋ ತಮಾಷೆ ಎಂಬ ಭಾವನೆ ಬಂದುಬಿಟ್ಟಿದೆ ಎಂಬುದು ನನ್ನ ತಕರಾರು. ಜೊತೆಗೆ ಬಿದ್ದ ಉಳಿದ ಹನ್ನೊಂದನ್ನು ಕೇಳುವವರಿಲ್ಲ.

ತಳ ಸೇರಿದವುಗಳ ಪೈಕಿ ವಿಜ್ಞಾನಿಗಳು ಹುಡುಕಿ ಹೋಗಿ ಪರೀಕ್ಷಿಸಿದ್ದು ಬಲು ಅಪರೂಪ. 2004ರ ಫೆಬ್ರುವರಿಯಲ್ಲಿ ‘ಮೆಡ್ ತೈಪಾನ್’ ಹಡಗಿನಿಂದ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ರಕ್ಷಿತ ವಲಯದಲ್ಲಿ 15 ಕಂಟೇನರ್ ಬಿದ್ದವು. ಕೆಲವೇ ತಿಂಗಳಲ್ಲಿ ಮಾಂಟೆರೆ ಸಂಶೋಧನಾ ಸಂಸ್ಥೆಯವರ ಯಂತ್ರ ಬೇರೇನೋ ಕೆಲಸಕ್ಕೆ ಇಳಿದಾಗ ಸುಮಾರು 1,280 ಮೀಟರ್ ಆಳದಲ್ಲಿ ಅವುಗಳಲ್ಲೊಂದು ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಬಾಗಿಲ ಮೇಲಿನ ನಂಬರ್ ಓದಿ ಹುಡುಕಿದರೆ ಒಳಗೆ 1,159 ಟಯರು. ಏಳು ವರ್ಷ ಬಿಟ್ಟು ಮತ್ತೆ ಹೋದಾಗಲೂ ಪೆಟ್ಟಿಗೆ ಹೆಚ್ಚೇನೂ ಕೆಟ್ಟಿರಲಿಲ್ಲ. ಕೆಸರಿನ ಬಯಲಲ್ಲಿ ಎದ್ದುನಿಂತ ಆ ಉಕ್ಕಿನ ಮೇಲೆ ಹುಳು, ಶಂಖದಂಥ ಜೀವಿಗಳು ನೆಲೆ ಮಾಡಿದ್ದವು; ಸುತ್ತಲ ಕೆಸರಿನಲ್ಲಿ ಮಾತ್ರ ಜೀವವೈವಿಧ್ಯ ತಗ್ಗಿತ್ತು. ಇಲ್ಲೂ ಗಮನಿಸಿ, ನಂಬರ್ ಇದ್ದದ್ದರಿಂದ ಒಡೆಯನನ್ನು ಹಿಡಿಯಲು ಸಾಧ್ಯವಾಯಿತು, ಪರಿಹಾರವಾಗಿ 32.5 ಲಕ್ಷ ಡಾಲರ್ ವಸೂಲಾಯಿತು. ಟಯರುಗಳು ಈಚೆ ಬಿದ್ದು ಚದುರಿದ್ದರೆ ಯಾರನ್ನು ಕೇಳಬೇಕಿತ್ತು?

ಶ್ರೀಲಂಕಾದಲ್ಲಿ ಸರಕು ಹಾಗೆಯೇ ಚದುರಿತು. 2021ರ ಮೇನಲ್ಲಿ ಕೊಲಂಬೊ ಹೊರಗೆ ಲಂಗರು ಹಾಕಿದ್ದ, ಅದೇ ವರ್ಷ ನೀರಿಗಿಳಿದಿದ್ದ ‘ಎಕ್ಸ್-ಪ್ರೆಸ್ ಪರ್ಲ್’ ಹಡಗಿನಲ್ಲಿ ನೈಟ್ರಿಕ್ ಆಮ್ಲದ ಕಂಟೇನರ್ ಸೋರುತ್ತಿತ್ತು. ಅದನ್ನು ಇಳಿಸಿಕೊಳ್ಳಿ ಎಂದು ಕತಾರಿನ ಹಮದ್ ಬಂದರಿನಲ್ಲೂ ಗುಜರಾತಿನ ಹಜೀರಾದಲ್ಲೂ ಕೇಳಿದ್ದರು, ಎರಡೂ ಕಡೆ ಆಗುವುದಿಲ್ಲವೆಂದರು. ಮೇ 20ರಂದು ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು, ಜೂನ್ 2ರಂದು ಹಡಗು ತಳ ಕಂಡಿತು. 1,486 ಕಂಟೇನರ್‌ಗಳಲ್ಲಿ ಅಪಾಯಕಾರಿ ಎಂದು ಬರೆದಿದ್ದು 81. ಕಡಲಿಗೆ ಅತಿ ಹೆಚ್ಚು ಕೇಡು ಮಾಡಿದ ಸರಕಿಗೆ ಆ ಹಣೆಪಟ್ಟಿಯೇ ಇರಲಿಲ್ಲ. ಅದು ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳು. ಬಕೆಟ್ಟು, ಚೀಲ, ಪೈಪು ಎಲ್ಲಕ್ಕೂ ಕಾರ್ಖಾನೆಯಲ್ಲಿ ಕರಗಿಸುವುದು ಈ ಕಾಳನ್ನೇ. ನೋಡಲು ಥೇಟ್ ಸಾಬಕ್ಕಿ. ನೆಗೊಂಬೊ ಕಡೆಯ ಮರಳಿನಲ್ಲಿ ಅದು ಹಿಮದಂತೆ ಕೂತಿತ್ತು, ಸುಟ್ಟದ್ದು ಕಪ್ಪು ಉಂಡೆಯಾಗಿತ್ತು. ಜರಡಿ ಹಿಡಿದು ಮರಳು ಸೋಸುವುದೊಂದೇ ದಾರಿ. ಮರಳು ಕೆಳಗಿಳಿಯುತ್ತದೆ, ಕಾಳು, ಚಿಪ್ಪು, ಕಡ್ಡಿ ಮೇಲುಳಿಯುತ್ತವೆ. ಅದನ್ನು ಮತ್ತೆ ನೀರಿಗೆ ಹಾಕಿ ತೇಲಿದ್ದನ್ನು ಕೆನೆ ತೆಗೆದ ಹಾಗೆ ಎತ್ತಬೇಕು. ಒಂದು ಅಲೆ ಬಂದರೆ ಸೋಸಿದ ಜಾಗಕ್ಕೇ ಹೊಸ ಕಾಳು.

ಈಗ ಕೈಗಾರಿಕೆಯ ಅಂಕಿ ನೋಡಿ. ದೊಡ್ಡ ಹಡಗು ಕಂಪನಿಗಳ ಒಕ್ಕೂಟವಾದ ವರ್ಲ್ಡ್ ಶಿಪ್ಪಿಂಗ್ ಕೌನ್ಸಿಲ್ ಪ್ರಕಾರ ವರ್ಷಕ್ಕೆ ಸುಮಾರು 25 ಕೋಟಿ ಕಂಟೇನರ್ ಸಾಗುತ್ತವೆ. ಕಡಲಪಾಲಾದದ್ದು 2023ರಲ್ಲಿ 221, 2024ರಲ್ಲಿ 576. ಯೆಮೆನ್‌ನ ಹೌತಿ ಬಂಡುಕೋರರ ದಾಳಿಗೆ ಹೆದರಿ ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾದ ತುದಿ ಬಳಸಿ ಹೋಗುತ್ತಿದ್ದುದರಿಂದ 2024ರದ್ದರಲ್ಲಿ 200ರಷ್ಟು ಆ ಭಾಗದಲ್ಲೇ ಬಿದ್ದವು. 2013ರಲ್ಲಿ ಮಾತ್ರ 5,578. ಅದರಲ್ಲಿ 4,293 ಯೆಮೆನ್ ಆಚೆ ಅರಬ್ಬಿ ಸಮುದ್ರದಲ್ಲಿ ನಡು ಮುರಿದ ‘ಎಂಒಎಲ್ ಕಂಫರ್ಟ್’ ಒಂದರದ್ದೇ. ಒಟ್ಟಾರೆ ಲಕ್ಷಗಟ್ಟಲೆ ಪೆಟ್ಟಿಗೆಗಳಿಗೆ ಒಂದು. ಲೆಕ್ಕ ಸುಳ್ಳಲ್ಲ, ಅದು ಪೆಟ್ಟಿಗೆಗಳ ಲೆಕ್ಕ, ಅಷ್ಟೆ. 1997ರಲ್ಲಿ ‘ಟೋಕಿಯೊ ಎಕ್ಸ್‌ಪ್ರೆಸ್’ನಿಂದ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಬಿದ್ದ 62ರಲ್ಲಿ ಒಂದರೊಳಗೆ ಸುಮಾರು 48 ಲಕ್ಷ ಲೆಗೊ ಚೂರುಗಳಿದ್ದವು. ಅದು ಈ ಪಟ್ಟಿಯಲ್ಲಿ ‘ಒಂದು’. ಇಂದಿಗೂ ಅಲ್ಲಿನ ಮರಳಿನಲ್ಲಿ ಪ್ಲಾಸ್ಟಿಕ್ ಆಕ್ಟೋಪಸ್ ಸಿಗುತ್ತದೆ.

ಪರಿಹಾರದ ಲೆಕ್ಕವೂ ಹೊರಗಿನಿಂದಲೇ. ಹಡಗಿನ ಮಾಲೀಕ ಕೊಡಬೇಕಾದ ಗರಿಷ್ಠ ಮೊತ್ತವನ್ನು ಅಂತರರಾಷ್ಟ್ರೀಯ ಒಪ್ಪಂದ ನಿಗದಿ ಮಾಡುವುದು ಹಡಗಿನ ಗಾತ್ರದ ಮೇಲೆ. ಒಳಗಿದ್ದದ್ದು ಹತ್ತಿಯೋ ವಿಷವೋ ಎಂದು ಅದು ಕೇಳುವುದಿಲ್ಲ. ‘ಪರ್ಲ್’ ಪ್ರಕರಣದಲ್ಲಿ ಲಂಡನ್ನಿನ ನ್ಯಾಯಾಲಯ ಸುಮಾರು 1.9 ಕೋಟಿ ಪೌಂಡ್ ಮಿತಿ ಹಾಕಿತು. 2025ರ ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ನೂರು ಕೋಟಿ ಡಾಲರ್ ಕೊಡಿ ಎಂದಿತು. ಎರಡು ಮೊತ್ತಗಳ ನಡುವಿನ ಅಂತರದಲ್ಲೇ ಆ ಮೀನುಗಾರರ ಬದುಕಿದೆ. ಕೇರಳ ಸರ್ಕಾರ ಎಲ್ಸಾ 3ರ ವಿಚಾರದಲ್ಲಿ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಕೇಳಿತು, ಅದೇ ಕಂಪನಿಯ ಇನ್ನೊಂದು ಹಡಗನ್ನು ವಿಳಿಂಜಂನಲ್ಲಿ ತಡೆಹಿಡಿಸಿತು. ಸದ್ಯಕ್ಕೆ ಸುಮಾರು 1,227 ಕೋಟಿಗೆ ಭದ್ರತೆ ಒದಗಿಸಿ ಎಂದು ನ್ಯಾಯಾಲಯ ಹೇಳಿತು. ಕೇಳಿದ್ದರಲ್ಲಿ ಮೀನುಗಾರರ ನಷ್ಟದ ಬಾಬ್ತು 526.51 ಕೋಟಿ. ಮೊದಲ ವಾರಗಳಲ್ಲಿ ಅವರ ಮನೆಗೆ ತಲುಪಿದ ತಾತ್ಕಾಲಿಕ ನೆರವು ಸಾವಿರ ರೂಪಾಯಿ, ಆರು ಕಿಲೋ ಅಕ್ಕಿ.

ನಮ್ಮ ಕರಾವಳಿ ಇದರಿಂದ ಹೊರತಲ್ಲ. ಎಲ್ಸಾ ಮುಳುಗಿ ಎರಡು ವಾರವಾಗುತ್ತಿದ್ದಂತೆ, ಜೂನ್ 9ರಂದು, ಕೊಲಂಬೊದಿಂದ ಮುಂಬೈ ಬಳಿಯ ನವಾ ಶೇವಾಕ್ಕೆ ಹೊರಟಿದ್ದ ‘ವಾನ್ ಹೈ 503’ ಹಡಗಿನಲ್ಲಿ ಕಣ್ಣೂರಿನ ಅಳೀಕ್ಕಲ್ ಆಚೆ ಸ್ಫೋಟವಾಗಿ ಬೆಂಕಿ ಎದ್ದಿತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಹಡಗು ತೊರೆದ 18 ಮಂದಿಯನ್ನು ಐಎನ್‌ಎಸ್ ಸೂರತ್ ಆ ರಾತ್ರಿ ಪಣಂಬೂರಿನ ನವಮಂಗಳೂರು ಬಂದರಿಗೆ ತಂದಿತು, ಸುಟ್ಟ ಗಾಯದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಆಗ ಯಾಂತ್ರೀಕೃತ ದೋಣಿಗಳಿಗೆ ಮಳೆಗಾಲದ ರಜೆ, ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ರಜೆ ಮುಗಿದು ಟ್ರಾಲ್ ಬೋಟುಗಳು ಇಳಿದಾಗ ತಳದಲ್ಲಿ ಕೂತ ಕಂಟೇನರಿಗೆ ಬಲೆ ಸಿಕ್ಕಿ ಹರಿಯಿತೆಂಬ ದೂರುಗಳು ಕೇರಳದಲ್ಲಿ ಶುರುವಾದವು. ಟ್ರಾಲ್ ಬಲೆಗೆ ಲಕ್ಷಗಟ್ಟಲೆ ಬೆಲೆ. ಬಲೆ ಹರಿದದ್ದು ಯಾವ ನಂಬರಿನ ಪೆಟ್ಟಿಗೆಗೆ ಎಂದು ಮುಳುಗಿ ನೋಡಿ ಬರಲು ಯಾವ ತಂಡೇಲನಿಂದಲೂ ಆಗದು. ಇನ್ನೊಂದು ಮಗ್ಗುಲೂ ಉಂಟು: ಚಿಕ್ಕಮಗಳೂರು, ಕೊಡಗಿನ ಕಾಫಿ, ಕರಾವಳಿಯ ಗೋಡಂಬಿ ಪಣಂಬೂರಿನಿಂದ ಹೋಗುವುದೂ ಇದೇ ಪೆಟ್ಟಿಗೆಗಳಲ್ಲಿ. ಸರಕಿನವನಿಗೆ ವಿಮೆ ಇದೆ, ಬಲೆಯವನಿಗೆ?

ಕಂಟೇನರ್ ಬಿದ್ದರೆ ಕಪ್ತಾನ ಸುತ್ತಲ ಹಡಗುಗಳಿಗೆ, ಹತ್ತಿರದ ಕರಾವಳಿ ದೇಶಕ್ಕೆ, ತನ್ನ ಧ್ವಜದ ದೇಶಕ್ಕೆ ತಕ್ಷಣ ತಿಳಿಸಲೇಬೇಕು ಎಂಬ ನಿಯಮ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಒಳ್ಳೆಯದೇ. ಪ್ಲಾಸ್ಟಿಕ್ ಕಾಳನ್ನು ಗಟ್ಟಿ ಚೀಲದಲ್ಲಿ ತುಂಬಿ, ಆದಷ್ಟೂ ಡೆಕ್ ಕೆಳಗಿಡಿ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2024ರಲ್ಲಿ ಸಲಹೆ ಕೊಟ್ಟಿದೆ. ಸಲಹೆ ಮಾತ್ರ, ಕಡ್ಡಾಯವಲ್ಲ. ಕರಾವಳಿ ದೇಶಕ್ಕೆ ಬಂದ ಸುದ್ದಿ ಕರಾವಳಿಯ ಊರಿಗೆ ಯಾವಾಗ ತಲುಪಬೇಕು ಎಂಬುದು ಈ ನಿಯಮದ ವ್ಯಾಪ್ತಿಗೆ ಬರುವುದೇ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು, ಅದು ಕಷ್ಟವೂ ಅಲ್ಲ. ಭಾರತದ ಬಂದರಿಗೆ ಬರುವ ಹಡಗು ತನ್ನ ಸರಕಿನ ಪಟ್ಟಿಯನ್ನು ಮೊದಲೇ ಕಸ್ಟಮ್ಸ್ ಇಲಾಖೆಯ ಕಂಪ್ಯೂಟರಿಗೆ ಸಲ್ಲಿಸಬೇಕು. ಹಡಗು ವಾಲಿದ ಸುದ್ದಿ ಬಂದ ದಿನವೇ ಅದನ್ನು ಜಿಲ್ಲಾಧಿಕಾರಿಗೂ ಮೀನುಗಾರರ ಸಂಘಗಳಿಗೂ ಕೊಟ್ಟು, ಕಂಟೇನರ್ ನಂಬರ್, ಎದುರಿಗೆ ಸರಕಿನ ಹೆಸರು, ಮುಟ್ಟಬಹುದೋ ಬಾರದೋ ಎಂದು ಮಲಯಾಳದಲ್ಲೋ ತುಳು, ಕನ್ನಡದಲ್ಲೋ ಬರೆದು ಮೀನುಗಾರಿಕಾ ಬಂದರಿನ ಬೋರ್ಡಿಗೆ ಹಚ್ಚಲಿ.